ಡಿಜಿಟಲ್ ಚಿತ್ರಕ್ಕೆ ಹೆಸರು, ಹಕ್ಕು, ಕೃಪೆ: ಪದೇ ಪದೇ ಕೇಳುವ ಪ್ರಶ್ನೆಗಳು

ಟ್ಯಾಬ್ಲೆಟ್ ಮೇಲೆ ಚಿತ್ರ ಬರೆಯುವ ಗೆಳತಿಯರು, ಕಲಾಶಾಲೆಯ ಮಕ್ಕಳು, ಒಮ್ಮೊಮ್ಮೆ ಪ್ರಕಾಶಕರೂ ನನ್ನನ್ನು ಕೇಳಿದ ಪ್ರಶ್ನೆಗಳಿವು. ನಾನು ವಕೀಲೆಯಲ್ಲ. ಪುಸ್ತಕದ ಮುಖಪುಟ, ಒಳಪುಟದ ಚಿತ್ರ, ಪೋಸ್ಟರು ಬರೆದು ಬದುಕುವವಳು. ಕಾನೂನಿನ ಮಾತು ಬಂದಲ್ಲಿ 1957ರ ನಮ್ಮ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ ಇರುವುದನ್ನು ಹೇಳಿದ್ದೇನೆ. ಜಗಳ ಕೋರ್ಟಿನ ಮೆಟ್ಟಿಲು ಹತ್ತುವಂತಿದ್ದರೆ ಮೊದಲು ವಕೀಲರನ್ನು ಕಾಣಿ.

ಚಿತ್ರದ ಹಕ್ಕು ನನ್ನದಾಗಲು ಏನು ಮಾಡಬೇಕು?

ಏನೂ ಮಾಡಬೇಕಿಲ್ಲ. ಸ್ವಂತ ಚಿತ್ರ ಬರೆದು ಮುಗಿಸಿದ ಗಳಿಗೆಯಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವಲ್ಲ, © ಗುರುತೂ ಕಡ್ಡಾಯವಲ್ಲ. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲೆಲ್ಲ ಇದೇ ನಿಯಮ; ಭಾರತ ಅದರಲ್ಲಿ 1928ರಿಂದಲೂ ಇದೆ. ಅಮೆರಿಕ ಸೇರಿದ್ದು 1989ರಲ್ಲಿ. ಅಲ್ಲಿಯವರೆಗೆ ಆ ದೇಶದಲ್ಲಿ ಗುರುತು ಹಾಕದೆ ಪ್ರಕಟಿಸಿದರೆ ಹಕ್ಕೇ ಕೈತಪ್ಪುವ ಅಪಾಯವಿತ್ತು. "© ಹಾಕದಿದ್ದರೆ ಯಾರು ಬೇಕಾದರೂ ಬಳಸಬಹುದು" ಎಂಬ ಮಾತು ಇಂದಿಗೂ ಓಡಾಡುತ್ತಿರುವುದಕ್ಕೆ ಆ ಹಳೆಯ ನಿಯಮವೂ ಒಂದು ಕಾರಣ.

ಹಕ್ಕು ತಾನಾಗಿಯೇ ಬರುವುದಾದರೆ ಹೆಸರು ಹಾಕುವ ಶ್ರಮವೇಕೆ?

ಹಕ್ಕು ಇರುವುದು ಬೇರೆ, ಅದು ನಿಮ್ಮದೆಂದು ತೋರಿಸುವುದು ಬೇರೆ. ಕಾಯ್ದೆಯ 55ನೇ ಕಲಮು ಕಲಾವಿದರಿಗೆ ಒಂದು ದೊಡ್ಡ ಉಪಕಾರ ಮಾಡಿದೆ: ಕಲಾಕೃತಿ ತಯಾರಾದಾಗ ಅದರ ಮೇಲೆ ಯಾರ ಹೆಸರಿತ್ತೋ ಅವರೇ ಕರ್ತೃ ಎಂದು ನ್ಯಾಯಾಲಯ ಭಾವಿಸುತ್ತದೆ. ಅಲ್ಲವೆನ್ನುವವರು ಅದನ್ನು ಸಾಬೀತು ಮಾಡಬೇಕು. ಹೆಸರಿಲ್ಲದಿದ್ದರೆ ಸಾಬೀತು ಮಾಡುವ ಹೊರೆ ನಿಮ್ಮ ಹೆಗಲಿಗೆ. "ತಯಾರಾದಾಗ" ಎಂಬ ಮಾತನ್ನು ಗಮನಿಸಿ. ಕಳವಾದ ಮೇಲೆ ಹಾಕಿದ ಹೆಸರಿಗೆ ಈ ಬಲ ಇರುವುದಿಲ್ಲ.

ಕಾನೂನು ಹಾಗಿರಲಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಜಲವರ್ಣ ಚಿತ್ರವೊಂದಿದೆ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ. ಬೆಳಕು ಬೆರಳುಗಳ ಸಂದಿಯಲ್ಲಿ ಕೆಂಪಾಗಿ ಜಿನುಗುತ್ತದೆ. ನೋಡಿ ಬಂದವರಲ್ಲಿ ಎಷ್ಟೋ ಮಂದಿ ಅದನ್ನು ರವಿವರ್ಮನ ಚಿತ್ರವೆಂದೇ ಹೇಳುತ್ತಾರೆ. ಬರೆದವರು ಎಸ್. ಎಲ್. ಹಲ್ದಂಕರ್. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಈ ಚಿತ್ರ ಹುಟ್ಟಿದ್ದು 1940ರ ದಶಕದಲ್ಲಿ. ಮೂಲಚಿತ್ರ ಗ್ಯಾಲರಿಯ ಗೋಡೆಯ ಮೇಲೆ ಭದ್ರವಾಗಿ ಇದ್ದೂ ಹೀಗಾಗಿದೆ. ಗೋಡೆಯೇ ಇಲ್ಲದ, ದಿನಕ್ಕೆ ನೂರು ಮೊಬೈಲು ಹೊಗುವ ನಮ್ಮ ಚಿತ್ರಗಳ ಪಾಡು ಊಹಿಸಿ.

ನಮ್ಮ ಪರಂಪರೆಯಲ್ಲಿ ಕಲಾವಿದರು ಹೆಸರು ಬರೆದುಕೊಳ್ಳುತ್ತಿರಲಿಲ್ಲ. ಹೆಸರು ಹಾಕುವುದು ಅಹಂಕಾರವಾಗುವುದಿಲ್ಲವೇ?

ಬೇಲೂರಿಗೆ ಹೋಗಿ ಮದನಿಕೆಯರ ಪೀಠ ನೋಡಿ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕೊರೆದಿಟ್ಟಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ವಿಗ್ರಹಗಳ ಕೆಳಗೆ ಮತ್ತೆ ಮತ್ತೆ ಸಿಗುತ್ತದೆ. ವಚನಕಾರರು, ದಾಸರು ಪ್ರತಿ ರಚನೆಯ ಕೊನೆಯಲ್ಲೂ ಅಂಕಿತ ಇಟ್ಟರು. "ಚೆನ್ನಮಲ್ಲಿಕಾರ್ಜುನ" ಎಂದು ಬಂದ ಕೂಡಲೇ ಅದು ಅಕ್ಕನ ವಚನವೆಂದು ಗೊತ್ತಾಗುತ್ತದೆ. ಅಂಕಿತ ಇರುವುದು ಸಾಲಿನೊಳಗೇ. ಅದನ್ನು ಕಿತ್ತರೆ ವಚನವೇ ಮುರಿಯುತ್ತದೆ. ಚಿತ್ರದ ಮೇಲೆ ಹೆಸರು ಹಾಕುವಾಗ ನಾನು ಇಟ್ಟುಕೊಂಡ ಮಾದರಿ ಇದೇ.

ಬರೆಯಬೇಕಾದ್ದು ಏನು? ಒಂದು ಮಾದರಿ ಕೊಡಿ.

© 2025 ನಿಮ್ಮ ಪೂರ್ಣ ಹೆಸರು

ಇಷ್ಟೇ. ಗುರುತು, ಮೊದಲು ಪ್ರಕಟಿಸಿದ ವರ್ಷ, ಹಕ್ಕುದಾರರ ಹೆಸರು. ಜಾಗವಿದ್ದರೆ ಇಮೇಲ್ ಅಥವಾ ಜಾಲತಾಣದ ವಿಳಾಸ ಸೇರಿಸಿ. ಕೇಳಿ ಬಳಸಬೇಕೆನ್ನುವ ಒಳ್ಳೆಯವರಿಗೆ ಕೇಳುವ ದಾರಿ ಸಿಗಲಿ. ಹಳೆಯ ಚಿತ್ರವನ್ನು ಗಣನೀಯವಾಗಿ ತಿದ್ದಿ ಮತ್ತೆ ಪ್ರಕಟಿಸಿದರೆ "2021–2025" ಎಂದು ಎರಡೂ ವರ್ಷ ಹಾಕಿ. ಪ್ರತಿ ಜನವರಿಯಲ್ಲೂ ಎಲ್ಲ ಚಿತ್ರಗಳ ವರ್ಷ ಬದಲಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಮೊದಲ ವರ್ಷವೇ ನಿಮ್ಮ ಪರವಾಗಿ ಸಾಕ್ಷಿ ಹೇಳುವುದು.

"ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ" ಎಂಬ ಸಾಲು ಇಂದು ಕಾನೂನಿಗೆ ಬೇಕಿಲ್ಲ. ಇದ್ದರೆ ತೊಂದರೆಯೂ ಇಲ್ಲ.

© ಗುರುತನ್ನು ಟೈಪ್ ಮಾಡುವುದು ಹೇಗೆ?

ವಿಂಡೋಸ್‌ನಲ್ಲಿ ಆಲ್ಟ್ ಕೀ ಒತ್ತಿ ಹಿಡಿದು ಬಲಬದಿಯ ಅಂಕಿ ಕೀಗಳಲ್ಲಿ 0169. ಮ್ಯಾಕ್‌ನಲ್ಲಿ ಆಪ್ಷನ್ ಮತ್ತು ಜಿ. ಮೊಬೈಲಿನಲ್ಲಿ ಚಿಹ್ನೆಗಳ ಪುಟದಲ್ಲೇ ಸಿಗುತ್ತದೆ.

ಹೆಸರು ಕನ್ನಡದಲ್ಲಿರಬೇಕೋ ಇಂಗ್ಲಿಷಿನಲ್ಲೋ? ಕಾವ್ಯನಾಮ ಬಳಸಬಹುದೇ?

ಯಾವ ಲಿಪಿಯಾದರೂ ನಡೆಯುತ್ತದೆ. ನಾನು ಚಿತ್ರದ ಮೇಲೆ ಕನ್ನಡದಲ್ಲಿ, ಫೈಲಿನ ಒಳಗೆ ಎರಡರಲ್ಲೂ ಹಾಕುತ್ತೇನೆ. ನನ್ನ ಚಿತ್ರ ಎಲ್ಲಿಗೇ ಹೋಗಲಿ, ಅದರ ಮೈಮೇಲೆ ಕನ್ನಡದ ನಾಲ್ಕು ಅಕ್ಷರ ಇರಲಿ ಎಂಬುದು ನನ್ನ ಆಸೆ.

ಅಕ್ಷರದ ಗಾತ್ರದ ಬಗ್ಗೆ ಒಂದು ಎಚ್ಚರಿಕೆ. ಇಂಗ್ಲಿಷ್ ಅಕ್ಷರ ಚಿಕ್ಕದಾದರೂ ಓದಿಸಿಕೊಳ್ಳುತ್ತದೆ, ಕನ್ನಡದಲ್ಲಿ ಒತ್ತಕ್ಷರವಿದೆ. ಜೆಪೆಗ್ ಎರಡು ಸಲ ಕುಗ್ಗಿದರೆ "ಲಕ್ಷ್ಮಿ"ಯ ಒತ್ತುಗಳು ಕಲಸಿ ಒಂದು ಮಸಿಚುಕ್ಕೆಯಾಗುತ್ತವೆ. 1080 ಪಿಕ್ಸೆಲ್ ಅಗಲದ ಚಿತ್ರದಲ್ಲಿ ನಾನು ಅಕ್ಷರದ ಎತ್ತರವನ್ನು 24 ಪಿಕ್ಸೆಲ್‌ಗಿಂತ ಇಳಿಸುವುದಿಲ್ಲ.

ಕಾವ್ಯನಾಮ ಧಾರಾಳವಾಗಿ ಬಳಸಿ. ಆದರೆ ಅದರ ಹಿಂದಿರುವವರು ಯಾರೆಂದು ಎಲ್ಲಾದರೂ ದಾಖಲಿಸಿಡಿ. ಹೆಸರು ಗೊತ್ತಿರುವ ಕಲಾವಿದರ ಚಿತ್ರಕ್ಕೆ ಅವರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ರಕ್ಷಣೆ. ಕರ್ತೃ ಯಾರೆಂದು ತಿಳಿಯದ ಚಿತ್ರಕ್ಕೆ ಲೆಕ್ಕ ಪ್ರಕಟವಾದ ವರ್ಷದಿಂದಲೇ ಶುರು.

ಚಿತ್ರದಲ್ಲಿ ಹೆಸರು ಎಲ್ಲಿರಬೇಕು?

ಬಲಗಡೆ ಕೆಳಮೂಲೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಅಲ್ಲೇ ಹಾಕುತ್ತಿದ್ದೆ. ಒಂದು ರಾಜ್ಯೋತ್ಸವಕ್ಕೆ ಭುವನೇಶ್ವರಿಯ ಚಿತ್ರ ಬರೆದಿದ್ದೆ. ಹನ್ನೊಂದು ರಾತ್ರಿಗಳ ಕೆಲಸ, ಸೀರೆಯ ಅಂಚಿಗೇ ಎರಡು ರಾತ್ರಿ. ನವೆಂಬರ್ ಒಂದರ ಬೆಳಿಗ್ಗೆ ಹಾಲು ತರಲು ಹೊರಟರೆ ನಮ್ಮ ಬಡಾವಣೆಯ ಸರ್ಕಲ್‌ನಲ್ಲೇ ಅದು ಹತ್ತಡಿ ಫ್ಲೆಕ್ಸ್ ಆಗಿ ನಿಂತಿತ್ತು. ಹೆಸರಿದ್ದ ಮೂಲೆಯಲ್ಲಿ ಕೈಮುಗಿದ ಮುಖಂಡರೊಬ್ಬರ ಫೋಟೊ. ಫ್ಲೆಕ್ಸ್ ಅಂಗಡಿಯ ಹುಡುಗನನ್ನು ಕೇಳಿದೆ. "ವಾಟ್ಸ್‌ಆ್ಯಪ್‌ನಲ್ಲಿ ಬಂತು ಮೇಡಂ, ಯಾರದ್ದು ಅಂತ ಗೊತ್ತಿರಲಿಲ್ಲ" ಎಂದ. ಅವನು ಸುಳ್ಳು ಹೇಳಲಿಲ್ಲ. ಅವನ ಕೈಗೆ ಬಂದ ಫೈಲಿನಲ್ಲಿ ಮೂಲೆ ಆಗಲೇ ಕತ್ತರಿಸಿಹೋಗಿತ್ತು.

ಅಂದಿನಿಂದ ನನ್ನ ಹೆಸರು ಮೂಲೆ ಬಿಟ್ಟು ಚಿತ್ರದ ಒಳಗೆ ಬಂದಿದೆ. ಸೀರೆಯ ಮಡಿಕೆಯ ಗುಂಟ, ಬಂಡೆಯ ಬಿರುಕಿನಲ್ಲಿ, ದೋಣಿಯ ಪಕ್ಕೆಯ ಮೇಲೆ, ಆ ವಸ್ತುವಿನದೇ ಬಣ್ಣದ ಒಂದು ಛಾಯೆ ಗಾಢವಾಗಿ. ಕಣ್ಣಿಗೆ ಚುಚ್ಚುವುದಿಲ್ಲ, ಹುಡುಕಿದರೆ ಸಿಗುತ್ತದೆ. ಕತ್ತರಿಸಬೇಕೆಂದರೆ ಚಿತ್ರವನ್ನೇ ಕೆಡಿಸಬೇಕು. ಇದರ ಜೊತೆಗೆ ಎಲ್ಲರೂ ಓದಬಲ್ಲ © ಸಾಲು ಬೇರೆಯಾಗಿ ಇರಲಿ, ಅಂಚಿನಿಂದ ಸ್ವಲ್ಪ ಒಳಗೆ. ಇನ್‌ಸ್ಟಾಗ್ರಾಮ್‌ನಂಥ ಕಡೆ ಅಂಚು ಕತ್ತರಿಸಿ ತೋರಿಸುತ್ತಾರೆ, ಮುದ್ರಣಾಲಯದಲ್ಲಿ ಕಟಿಂಗ್ ಮಾಡುವಾಗಲೂ ಅಂಚು ಹೋಗುತ್ತದೆ.

ಚಿತ್ರದ ತುಂಬ ವಾಟರ್‌ಮಾರ್ಕ್ ಹಾಕಿದರೆ?

ಮಾರಾಟಕ್ಕಿಟ್ಟ ಚಿತ್ರದ ಮಾದರಿಗೆ ಸರಿ. ನೋಡಲೆಂದು ಹಂಚುವ ಚಿತ್ರಕ್ಕೆ ನನಗೆ ಒಪ್ಪಿಗೆಯಿಲ್ಲ. ಕಷ್ಟಪಟ್ಟು ಬರೆದ ಮುಖದ ಮೇಲೆ ಅಡ್ಡಡ್ಡ ಅಕ್ಷರ ಎಳೆದರೆ ನೋಡಲು ಬಂದವರಿಗೆ ಸಿಗುವುದೇನು? ಅದರ ಬದಲು ಹೊರಗೆ ಬಿಡುವ ಪ್ರತಿಯ ಗಾತ್ರ ಇಳಿಸಿ. 1080 ಪಿಕ್ಸೆಲ್‌ನ ಚಿತ್ರದಿಂದ ಚೆಂದದ ದೊಡ್ಡ ಮುದ್ರಣ ಬರುವುದಿಲ್ಲ.

ಮೆಟಾಡೇಟಾ ಎಂದರೇನು?

ಕಾಗದದ ಚಿತ್ರದ ಬೆನ್ನಮೇಲೆ ಪೆನ್ಸಿಲಿನಲ್ಲಿ ಹೆಸರು, ತಾರೀಕು ಬರೆದಿಡುತ್ತಿದ್ದರಲ್ಲ, ಡಿಜಿಟಲ್ ಫೈಲಿಗೂ ಅಂಥದೊಂದು ಬೆನ್ನಿದೆ. ಪರದೆಯ ಮೇಲೆ ಕಾಣದು, ಫೈಲಿನ ಜೊತೆ ಹೋಗುತ್ತದೆ. ಫೋಟೋಶಾಪ್‌ನಲ್ಲಿ ಫೈಲ್ ಮೆನುವಿನ ಫೈಲ್ ಇನ್ಫೋ ತೆರೆಯಿರಿ. ಕರ್ತೃವಿನ ಹೆಸರು, ಕಾಪಿರೈಟ್ ಸ್ಥಿತಿ, ಕಾಪಿರೈಟ್ ಸೂಚನೆ, ಬಳಕೆಯ ಷರತ್ತು, ಜಾಲವಿಳಾಸಕ್ಕೆ ಬೇರೆ ಬೇರೆ ಜಾಗಗಳಿವೆ. ಸ್ಥಿತಿ ಮೊದಲಿಗೆ "ಗೊತ್ತಿಲ್ಲ" ಎಂದಿರುತ್ತದೆ, ಅದನ್ನು ಬದಲಿಸಿ. ಕ್ರಿತಾ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲೂ ದಾಖಲೆಯ ಮಾಹಿತಿ ತುಂಬುವ ಕಿಟಕಿ ಇದೆ. ಒಂದೇ ಸಲಕ್ಕೆ ನೂರಾರು ಫೈಲುಗಳಿಗೆ ಹಾಕಬೇಕಾದರೆ ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶವಿದೆ.

ಇಲ್ಲೊಂದು ಕಡೆ ಬಹಳ ಜನ ಎಡವುತ್ತಾರೆ. ಎಲ್ಲ ತುಂಬಿ, ಫೋಟೋಶಾಪ್‌ನ ಎಕ್ಸ್‌ಪೋರ್ಟ್ ಆ್ಯಸ್ ಮೂಲಕ ಪ್ರತಿ ತೆಗೆಯುವಾಗ ಮೆಟಾಡೇಟಾ ಎಂಬಲ್ಲಿ "ಬೇಡ" ಎಂದಿದ್ದರೆ ತುಂಬಿದ್ದೆಲ್ಲ ಅಲ್ಲೇ ಉಳಿಯುತ್ತದೆ, ಹೊರಗೆ ಹೋಗುವ ಪ್ರತಿ ಬರಿಗೈ. ಅಲ್ಲಿ ಕಾಪಿರೈಟ್ ಮತ್ತು ಸಂಪರ್ಕದ ವಿವರ ಉಳಿಸುವ ಆಯ್ಕೆ ಒತ್ತಿ. ಪ್ರತಿ ತೆಗೆದ ಮೇಲೆ ಒಮ್ಮೆ ಅದನ್ನೇ ತೆರೆದು, ಹೆಸರು ಒಳಗಿದೆಯೇ ಎಂದು ನೋಡಿ.

ಗೂಗಲ್ ಚಿತ್ರಹುಡುಕಾಟ ಈ ವಿವರಗಳನ್ನು ಓದುತ್ತದೆ. ಕರ್ತೃ ಮತ್ತು ಕೃಪೆಯ ಜಾಗ ತುಂಬಿದ್ದರೆ ಚಿತ್ರದ ಪಕ್ಕ ಅದನ್ನು ತೋರಿಸುತ್ತದೆ.

ಮೆಟಾಡೇಟಾದಲ್ಲಿ ಕನ್ನಡದ ಹೆಸರು ಹಾಕಿದೆ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿದೆ. ಏನಾಯಿತು?

ನುಡಿ ಅಥವಾ ಶ್ರೀಲಿಪಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದದ್ದನ್ನು ಅಂಟಿಸಿದ್ದೀರಿ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಅದೇ ಬಳಕೆ. ಆ ಪಠ್ಯ ಒಳಗೆ ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ವೇಷ; ಫಾಂಟ್ ಇಲ್ಲದ ಜಾಗದಲ್ಲಿ ವೇಷ ಕಳಚುತ್ತದೆ. ಮೆಟಾಡೇಟಾಗೆ ಫಾಂಟೇ ಇಲ್ಲ. ಹೆಸರನ್ನು ಯುನಿಕೋಡ್‌ನಲ್ಲಿ, ಅಂದರೆ ಒಳಗೂ ಕನ್ನಡದ ಅಕ್ಷರವೇ ಇರುವ ವ್ಯವಸ್ಥೆಯಲ್ಲಿ, ಟೈಪ್ ಮಾಡಿ; ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಬರೆದು ಕಳಿಸಿಕೊಂಡರೂ ಸಾಕು.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಮೆಟಾಡೇಟಾ ಉಳಿಯುತ್ತದೆಯೇ?

ಫೋಟೊ ಎಂದು ಕಳಿಸಿದರೆ ಉಳಿಯುವುದಿಲ್ಲ, ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ. ಪ್ರಕಾಶಕರಿಗೆ, ಮುದ್ರಣಾಲಯಕ್ಕೆ ಯಾವಾಗಲೂ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಚಿತ್ರದ ಗುಣಮಟ್ಟಕ್ಕೂ ಅದೇ ಒಳ್ಳೆಯದು. ಬಹುಪಾಲು ಸಾಮಾಜಿಕ ಜಾಲತಾಣಗಳೂ ಈ ವಿವರಗಳನ್ನು ಪೂರ್ತಿಯಾಗಿ ಇಲ್ಲವೇ ಭಾಗಶಃ ಕಳಚುತ್ತವೆ. ಹಾಗಾಗಿ ಹೆಸರು ಮೂರು ಕಡೆ ಇರಬೇಕೆನ್ನುತ್ತೇನೆ: ಚಿತ್ರದ ಮೈಮೇಲೆ, ಫೈಲಿನ ಒಳಗೆ, ಚಿತ್ರದ ಪಕ್ಕದ ಬರಹದಲ್ಲಿ. ಒಂದು ಕಡೆ ಅಳಿದರೆ ಇನ್ನೊಂದು ಕಡೆ ಉಳಿದಿರುತ್ತದೆ.

"ಚಿತ್ರಕೃಪೆ: ಅಂತರ್ಜಾಲ" ಎಂದು ಹಾಕಿದರೆ ಸಾಲದೇ?

ಸಾಲದು. ಅಂತರ್ಜಾಲ ಚಿತ್ರ ಬರೆಯುವುದಿಲ್ಲ. ಕನ್ನಡದ ಪತ್ರಿಕೆ, ಪುರವಣಿ, ಆಮಂತ್ರಣ ಪತ್ರಿಕೆಗಳಲ್ಲಿ ಈ ಎರಡು ಪದ ಕಂಡಾಗಲೆಲ್ಲ ನನಗೆ ನೋವಾಗುತ್ತದೆ. "ಯಾರದೆಂದು ನಾವು ಹುಡುಕಲಿಲ್ಲ" ಎಂಬುದನ್ನು ಗೌರವದ ಮಾತಿನಲ್ಲಿ ಹೇಳಿದಂತಷ್ಟೇ. ಗೂಗಲ್ ಲೆನ್ಸ್‌ನಂಥ ಸಾಧನದಲ್ಲಿ ಚಿತ್ರ ಹಾಕಿ ಐದು ನಿಮಿಷ ಹುಡುಕಿದರೆ ಅನೇಕ ಸಲ ಮೂಲ ಸಿಗುತ್ತದೆ. ಸಿಗಲಿಲ್ಲವೇ, ಬೇರೆ ಚಿತ್ರ ಬಳಸಿ.

ಇದರ ಜೊತೆಗೇ ಹೇಳಬೇಕಾದ್ದು: ಹೆಸರು ಹಾಕುವುದು ಅನುಮತಿ ಪಡೆದಂತೆ ಅಲ್ಲ. ಕಲಾವಿದರ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ, ಕೇಳದೆ ಬಳಸಿದರೂ ಅದು ಉಲ್ಲಂಘನೆಯೇ. ವಿಮರ್ಶೆ, ವರದಿ, ಸ್ವಂತ ಅಧ್ಯಯನದಂಥ ಕೆಲವಕ್ಕೆ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಹಬ್ಬದ ಶುಭಾಶಯದ ಬ್ಯಾನರು ಅದರೊಳಗೆ ಬರುವುದಿಲ್ಲ.

ಯಕ್ಷಗಾನ ವೇಷದ ಫೋಟೊ ನೋಡಿಕೊಂಡು ಚಿತ್ರ ಬರೆದಿದ್ದೇನೆ. ಹಕ್ಕು ಯಾರದು?

ಹತ್ತಾರು ಫೋಟೊ ನೋಡಿ, ಆಟವನ್ನೂ ನೋಡಿ, ನಿಮ್ಮದೇ ಭಂಗಿ, ನಿಮ್ಮದೇ ಬೆಳಕು ಕಟ್ಟಿ ಬರೆದಿದ್ದರೆ ಚಿತ್ರ ನಿಮ್ಮದು. ಒಂದೇ ಫೋಟೊವನ್ನು ಚಿತ್ರದ ಪದರದ (ಲೇಯರ್) ಕೆಳಗಿಟ್ಟು ಗೆರೆ ಗೆರೆ ತಿದ್ದಿದ್ದರೆ ಛಾಯಾಗ್ರಾಹಕರ ಅನುಮತಿ ಬೇಕು. ವೇಷ ಕಟ್ಟುವ ಚೌಕಿಯ ಹೊಗೆಯಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟು ಆ ಒಂದು ಕ್ಷಣ ಹಿಡಿದವರು ಅವರು. ಕೇಳಿದರೆ ಹೆಚ್ಚಿನವರು ಸಂತೋಷದಿಂದಲೇ ಕೊಡುತ್ತಾರೆ. ಆಮೇಲೆ "ಚಿತ್ರ: ನಿಮ್ಮ ಹೆಸರು; ಆಧಾರ ಛಾಯಾಚಿತ್ರ: ಅವರ ಹೆಸರು, ಅನುಮತಿಯೊಂದಿಗೆ" ಎಂದು ಹಾಕಿ. ವೇಷಧಾರಿಯ ಹೆಸರನ್ನೂ ಬರೆದರೆ ನಾನು ನಿಮಗೆ ಕೈಮುಗಿಯುತ್ತೇನೆ.

ಹಳೆಯ ಕಲಾವಿದರ ಚಿತ್ರಗಳನ್ನು ಬಳಸಬಹುದೇ?

ರವಿವರ್ಮನ ಚಿತ್ರಗಳು ಈಗ ಸಾರ್ವಜನಿಕ ಸ್ವತ್ತು. ಉಡುಪಿ ಕಡೆಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ. ಅವರು ಪ್ರಕಟಿಸಿದ ಚಿತ್ರಗಳಿಗೆ 2056ರ ಕೊನೆಯವರೆಗೆ ರಕ್ಷಣೆಯಿದೆ. ಅವಧಿ ಮುಗಿದ ಚಿತ್ರಕ್ಕೂ ಮೂಲ ಕಲಾವಿದರ ಹೆಸರು ಹಾಕಿ, ನಿಮ್ಮ © ಅನ್ನು ನೀವು ಹೊಸದಾಗಿ ಸೇರಿಸಿದ ಭಾಗಕ್ಕೆ ಮಾತ್ರ ಹೇಳಿ.

ಹಸೆ ಚಿತ್ತಾರದ ವಿನ್ಯಾಸ ಬಳಸಿದ್ದೇನೆ. ಅದಕ್ಕೆ ಯಾರ ಹೆಸರು ಹಾಕಲಿ?

ಒಳ್ಳೆಯ ಪ್ರಶ್ನೆ. ಇದನ್ನು ಕೇಳುವವರು ಕಡಿಮೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಎಳೆದ ಗೆರೆಗಳವು. ತಲೆಮಾರುಗಳಿಂದ ಬಂದ ವಿನ್ಯಾಸಕ್ಕೆ ಕಾಯ್ದೆ ಒಬ್ಬ ಕರ್ತೃವನ್ನು ತೋರಿಸುವುದಿಲ್ಲ, ಹಾಗೆಂದು ಅದು ಯಾರದೂ ಅಲ್ಲವೆಂದಲ್ಲ. "ಮಲೆನಾಡಿನ ದೀವರ ಹಸೆ ಚಿತ್ತಾರ ಪರಂಪರೆಯನ್ನು ಆಧರಿಸಿದ್ದು" ಎಂದು ಬರೆಯಿರಿ. ಇಂದು ಬದುಕಿರುವ ಒಬ್ಬ ಕಲಾವಿದೆಯ ನಿರ್ದಿಷ್ಟ ಚಿತ್ತಾರ ನೋಡಿ ಬರೆದಿದ್ದರೆ ಅವರನ್ನು ಕೇಳಿ, ಅವರ ಹೆಸರು ಹಾಕಿ. ಆ ಕೃತಿಯ ಹಕ್ಕು ಅವರದು.

ದುಡ್ಡು ಪಡೆದು ಬರೆದುಕೊಟ್ಟ ಚಿತ್ರದ ಹಕ್ಕು ಯಾರಿಗೆ?

ಇಲ್ಲಿ ಹುಷಾರು. ಬೇರೆ ಒಪ್ಪಂದ ಇಲ್ಲದಿದ್ದರೆ, ಯಾರಾದರೂ ಹೇಳಿ ಹಣ ಕೊಟ್ಟು ಬರೆಸಿದ ವರ್ಣಚಿತ್ರ ಅಥವಾ ಭಾವಚಿತ್ರದ ಮೊದಲ ಹಕ್ಕುದಾರರು ಬರೆಸಿದವರೇ ಎನ್ನುತ್ತದೆ 17ನೇ ಕಲಮು. ಸಂಬಳದ ಕೆಲಸದಲ್ಲಿ, ಕೆಲಸದ ಭಾಗವಾಗಿ ಬರೆದದ್ದು ಧಣಿಯದು. ಹಾಗಾಗಿ ಮುಂಗಡ ತೆಗೆದುಕೊಳ್ಳುವ ಮೊದಲೇ ಒಂದು ಇಮೇಲಿನಲ್ಲಿ ಬರೆದು ಒಪ್ಪಿಗೆ ಪಡೆಯಿರಿ: ಹಕ್ಕು ನನ್ನಲ್ಲಿ ಉಳಿಯುತ್ತದೆ, ಇಂಥ ಪುಸ್ತಕದ ಮುಖಪುಟಕ್ಕೆ ಇಷ್ಟು ವರ್ಷ ಬಳಸಲು ಅನುಮತಿ, ಪುಸ್ತಕದ ಹಕ್ಕುಪುಟದಲ್ಲಿ "ಮುಖಪುಟ ಚಿತ್ರ" ಎಂದು ನನ್ನ ಹೆಸರು. ಹಕ್ಕನ್ನೇ ಬರೆದುಕೊಡುವುದಾದರೆ ಸಹಿ ಮಾಡಿದ ಬರಹ ಬೇಕು. ಅದರಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದೇ ಅರ್ಥ.

ಹಕ್ಕು ಮಾರಿದರೂ ಹೆಸರು ಮಾರಿದಂತಾಗುವುದಿಲ್ಲ. 57ನೇ ಕಲಮಿನ ಪ್ರಕಾರ ಇದು ನಾನು ಬರೆದದ್ದು ಎಂದು ಹೇಳಿಕೊಳ್ಳುವ ಹಕ್ಕು, ಗೌರವಕ್ಕೆ ಧಕ್ಕೆ ತರುವಂತೆ ಕೃತಿಯನ್ನು ಕೆಡಿಸಿದರೆ ತಡೆಯುವ ಹಕ್ಕು ಕರ್ತೃವಿನಲ್ಲೇ ಉಳಿಯುತ್ತವೆ. ದೆಹಲಿಯ ವಿಜ್ಞಾನ ಭವನಕ್ಕೆ ಅಮರನಾಥ್ ಸೆಹಗಲ್ ಮಾಡಿಕೊಟ್ಟ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದ್ದರು. ಅದು ಸರ್ಕಾರವೇ ಮಾಡಿಸಿದ ಕೃತಿ. ಆದರೂ 2005ರಲ್ಲಿ ದೆಹಲಿ ಹೈಕೋರ್ಟ್ ಕಲಾವಿದನ ಪರವಾಗಿ ತೀರ್ಪು ಕೊಟ್ಟು, ಶಿಲ್ಪವನ್ನು ಮರಳಿಸಿ ಐದು ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಈ ತೀರ್ಪಿನ ವಿಷಯವನ್ನು ಪ್ರತಿ ಕಲಾವಿದ್ಯಾರ್ಥಿಗೂ ಹೇಳಿಕೊಡಬೇಕು.

ಗೆರೆ ಒಬ್ಬರದು, ಬಣ್ಣ ಇನ್ನೊಬ್ಬರದು. ಹೇಗೆ ಬರೆಯಲಿ?

"ಗೆರೆ: …, ಬಣ್ಣ: …, ಅಕ್ಷರ ವಿನ್ಯಾಸ: …" ಎಂದು ಕೆಲಸದ ಹೆಸರಿನ ಸಮೇತ ಬರೆಯಿರಿ. ಅಕ್ಷರ ಬರೆದವರನ್ನು ಮರೆಯಬೇಡಿ, ಕನ್ನಡದ ಪೋಸ್ಟರಿನಲ್ಲಿ ಅರ್ಧ ಜೀವ ಅವರದೇ.

ಜನ ಉಚಿತವಾಗಿ ಬಳಸಲಿ, ಹೆಸರು ಮಾತ್ರ ಹಾಕಲಿ ಎಂದಿದ್ದರೆ?

ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದೇ ಅದಕ್ಕೆ. "ಸಿಸಿ ಬಿವೈ 4.0" ಎಂದರೆ ಹೆಸರು ಹೇಳಿ ಯಾರಾದರೂ, ಯಾವ ಕೆಲಸಕ್ಕಾದರೂ ಬಳಸಬಹುದು. "ಎನ್‌ಸಿ" ಸೇರಿದರೆ ವ್ಯಾಪಾರಕ್ಕೆ ಬೇಡ, "ಎನ್‌ಡಿ" ಸೇರಿದರೆ ತಿದ್ದಿ ಹಂಚುವಂತಿಲ್ಲ, "ಎಸ್‌ಎ" ಸೇರಿದರೆ ತಿದ್ದಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ಒಮ್ಮೆ ಕೊಟ್ಟದ್ದನ್ನು ಹಿಂದೆ ಪಡೆಯಲಾಗದು, ಯೋಚಿಸಿ ಕೊಡಿ. ಇಂಥ ಚಿತ್ರವನ್ನು ನೀವು ಬಳಸುವಾಗ ಶೀರ್ಷಿಕೆ, ಕರ್ತೃ, ಸಿಕ್ಕ ಜಾಗ, ಪರವಾನಗಿ, ಈ ನಾಲ್ಕನ್ನೂ ಬರೆಯಿರಿ.

ಎಐ ಬಳಸಿ ಮಾಡಿದ ಚಿತ್ರಕ್ಕೆ © ಹಾಕಬಹುದೇ?

ಕಂಪ್ಯೂಟರ್ ಹುಟ್ಟಿಸಿದ ಕೃತಿಗೆ, ಅದು ಹುಟ್ಟಲು ಕಾರಣರಾದ ವ್ಯಕ್ತಿಯೇ ಕರ್ತೃ ಎಂದು ನಮ್ಮ ಕಾಯ್ದೆಯಲ್ಲಿದೆ. ಆದರೆ ಆ ಮಾತು ಬರೆದ ಕಾಲಕ್ಕೆ ಇಂದಿನ ಎಐ ಇರಲಿಲ್ಲ. ನನ್ನ ಸಲಹೆ ಸರಳ: ಎಲ್ಲಿ ಎಐ ಬಳಸಿದ್ದೀರೋ ಅದನ್ನು ಬಿಚ್ಚಿ ಹೇಳಿ. "ಹಿನ್ನೆಲೆ: ಎಐ ನೆರವಿನಿಂದ, ವ್ಯಕ್ತಿಚಿತ್ರ: ಕೈಯಿಂದ ಬರೆದದ್ದು."

ಯಾರೋ ನನ್ನ ಹೆಸರು ಅಳಿಸಿ ಚಿತ್ರ ಹಾಕಿಕೊಂಡಿದ್ದಾರೆ. ಏನು ಮಾಡಲಿ?

ಸಿಟ್ಟಿನಲ್ಲಿ ಕಾಮೆಂಟ್ ಬರೆಯುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ವಿಳಾಸ, ತಾರೀಕು, ಸಮಯ ಕಾಣಬೇಕು. ನಿಮ್ಮ ಪದರಗಳಿರುವ ಮೂಲ ಫೈಲು, ಪ್ರೊಕ್ರಿಯೇಟ್ ಎಂಬ ಚಿತ್ರ ಬರೆಯುವ ಆ್ಯಪ್‌ನಲ್ಲಿ ಬರೆದಿದ್ದರೆ ಅದು ತಾನೇ ದಾಖಲಿಸಿಟ್ಟ ಟೈಮ್‌ಲ್ಯಾಪ್ಸ್ ವಿಡಿಯೊ, ಇವೆರಡಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಆಮೇಲೆ ಹಾಕಿಕೊಂಡವರಿಗೆ ಒಂದು ಸಂದೇಶ ಕಳಿಸಿ. ಅರ್ಧಕ್ಕರ್ಧ ಪ್ರಕರಣ ನನಗೆ ಅಲ್ಲಿಗೇ ಮುಗಿದಿದೆ.

ಮುಗಿಯದಿದ್ದರೆ ಜಾಲತಾಣಕ್ಕೆ ಲಿಖಿತ ದೂರು ಕೊಡಿ. 2013ರ ಕೃತಿಸ್ವಾಮ್ಯ ನಿಯಮಗಳ ಪ್ರಕಾರ, ದೂರು ಸರಿಯಾಗಿದ್ದರೆ ಅವರು 36 ಗಂಟೆಯೊಳಗೆ ಚಿತ್ರವನ್ನು ಮರೆಮಾಡಬೇಕು. 21 ದಿನದೊಳಗೆ ನೀವು ಕೋರ್ಟ್ ಆದೇಶ ತರದಿದ್ದರೆ ಅವರು ಮತ್ತೆ ತೋರಿಸಬಹುದು. ಗೊತ್ತಿದ್ದೂ ಉಲ್ಲಂಘಿಸಿದವರಿಗೆ 63ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ ಎರಡು ಲಕ್ಷ ರೂಪಾಯಿಯವರೆಗೆ ದಂಡವಿದೆ. 2012ರ ತಿದ್ದುಪಡಿಯಲ್ಲಿ ಬಂದ 65ಬಿ ಕಲಮು ಇನ್ನೂ ನೇರ: ಕರ್ತೃವಿನ ಹೆಸರು, ಹಕ್ಕುದಾರರ ವಿವರದಂಥ ಮಾಹಿತಿಯನ್ನು ತಿಳಿದೂ ತಿಳಿದೂ ಅಳಿಸಿದರೆ ಅಥವಾ ತಿದ್ದಿದರೆ ಅದೇ ಒಂದು ಅಪರಾಧ, ಎರಡು ವರ್ಷದವರೆಗೆ ಜೈಲು. ಈ ಕಲಮಿನ ಆಸರೆ ಸಿಗಬೇಕಾದರೆ ಅಳಿಸಲು ಹೆಸರೊಂದು ಅಲ್ಲಿ ಇದ್ದಿರಬೇಕು.

ನೋಂದಣಿ ಮಾಡಿಸಲೇ?

ಮಾರಾಟವಾಗುವ, ಹೆಚ್ಚು ನಕಲಾಗುವ ಚಿತ್ರಗಳಿಗೆ ಮಾಡಿಸಿ. ಒಂದು ಕಲಾಕೃತಿಗೆ 500 ರೂಪಾಯಿ ಶುಲ್ಕ. ಸರಕಿನ ಲೇಬಲ್ಲಿನಂತೆ ಬಳಕೆಯಾಗುವುದಾದರೆ 2,000. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು, ಆಕ್ಷೇಪಣೆಗೆಂದು 30 ದಿನ ಕಾಯುತ್ತಾರೆ.

ಈಗಾಗಲೇ ನೂರಾರು ಚಿತ್ರಗಳನ್ನು ಹೆಸರಿಲ್ಲದೆ ಹಾಕಿಬಿಟ್ಟಿದ್ದೇನೆ.

ಹಕ್ಕು ಎಲ್ಲೂ ಹೋಗಿಲ್ಲ. ಒಂದು ಭಾನುವಾರ ಕೂತು, ಹೆಚ್ಚು ಹಂಚಿಕೆಯಾದ ಹತ್ತನ್ನು ಆರಿಸಿ. ಅವುಗಳ ವಿವರಣೆಯಲ್ಲಿ ಇಂದೇ © ಸಾಲು ಸೇರಿಸಿ, ನಿಮ್ಮ ಸ್ವಂತ ಜಾಲತಾಣವಿದ್ದರೆ ಹೆಸರಿರುವ ಹೊಸ ಪ್ರತಿ ಹಾಕಿ. ಮೂಲ ಫೈಲುಗಳನ್ನು ಮುಟ್ಟಬೇಡಿ. ಅವುಗಳ ಹಳೆಯ ತಾರೀಕು ಹಾಗೆಯೇ ಉಳಿಯಲಿ, ಇನ್ನೊಂದು ಡಿಸ್ಕಿಗೂ ಒಂದು ಪ್ರತಿ ಇಡಿ. ಮತ್ತೆ ಖಾಲಿ ಕ್ಯಾನ್ವಾಸ್ ತೆರೆದಾಗ, ಮೊದಲ ಗೆರೆಗೂ ಮುಂಚೆ, ಹೆಸರಿಗೆಂದೇ ಒಂದು ಪದರ ಮಾಡಿಡಿ.